ಬಚ್ಚಲ ಗೋಡೆಗೆ ಬಂದ ಸಂಗೀತ

ಸಂಗೀತ ಕೇಳುವ ಮಂದಿ ಬೇರೆ, ಸಂಗೀತವನ್ನು ಮೊಳೆ ಹೊಡೆದು ತೂಗುಹಾಕುವ ಮಂದಿ ಬೇರೆ. ನಾನು ಎರಡನೆಯ ಪೈಕಿ. ಹೀಗಾಗಿ ಹುನಗುಂದದ ನಮ್ಮ ಮನೆಯಲ್ಲಿ ತಿಂಗಳಿಗೊಂದಾದರೂ ಪಜೀತಿ ತಪ್ಪಿದ್ದಲ್ಲ. ಉದ್ಯೋಗದಿಂದ ನಾನು ದನದ ದವಾಖಾನಿಯ ಇನ್‌ಸ್ಪೆಕ್ಟರ್. ಊರವರ ಬಾಯಲ್ಲಿ ಡಾಕ್ಟರ್. ನನ್ನ ಹೆಂಡತಿಯ ಬಾಯಲ್ಲಿ ಏನೇನೋ.

ಮೊದಲನೇ ಚಿತ್ರ

ನಮ್ಮ ಪಡಸಾಲೆಯ ಗೋಡೆಯ ಆಚೆ ಬಚ್ಚಲು. ಅಲ್ಲಿನ ನೀರು ಈಚೆ ಒಸರಿ, ಪಡಸಾಲೆಯ ಗೋಡೆಯ ಮೇಲೆ ತೇವದ ಕಲೆ ಮೂಡಿತು. ನೋಡಿದರೆ ಥೇಟ್ ಎಮ್ಮೆಯ ಮುಖ. ದಿನವಿಡೀ ದನ ನೋಡಿ ಮನೆಗೆ ಬಂದರೆ ಇಲ್ಲೂ ಎಮ್ಮೆ. ಗೌಂಡಿಯನ್ನು ಕರೆಸಿದೆ. ಗೋಡೆ ಒಡೆದು ಪೈಪು ಬದಲಿಸಬೇಕು, ಎಂಟು ದಿನ ಬೇಕು ಅಂದ. ನನಗೆ ಅದಕ್ಕಿಂತ ಸರಳ ಉಪಾಯ ಹೊಳೆಯಿತು. ಬಾಗಲಕೋಟೆಗೆ ಹೋದಾಗ ತಂಬೂರಿ ಹಿಡಿದು ಕುಳಿತ ಹೆಂಗಸಿನ ದೊಡ್ಡ ಚಿತ್ರವೊಂದನ್ನು ತಂದು ಎಮ್ಮೆಯ ಮೇಲೆ ತೂಗುಹಾಕಿದೆ.

ಮೂರು ತಿಂಗಳಿಗೆ ಚೌಕಟ್ಟಿನ ಎಡಕ್ಕೆ ಒಂದು ಕೊಂಬು ಹೊರಬಂತು. ಸಿತಾರ ಬಾರಿಸುವವನನ್ನು ತಂದೆ. ಮಳೆಗಾಲಕ್ಕೆ ಬಲಗೊಂಬು ಬಂತು. ಶಹನಾಯಿಯವನನ್ನು ತಂದೆ. ಎರಡು ವರ್ಷದಲ್ಲಿ ಆ ಗೋಡೆಯ ಮೇಲೆ ಏಳು ಮಂದಿ ಕಲಾವಿದರು ಕುಳಿತಿದ್ದರು.

ಬಂದ ನೆಂಟರೊಬ್ಬರು ನಿಂತು ನೋಡಿ, ನಿಮ್ಮ ಯಜಮಾನರಿಗೆ ಸಂಗೀತದ ಹುಚ್ಚು ಭಾಳ ಅಂತ ಕಾಣತೈತಿ ಎಂದು ನನ್ನ ಹೆಂಡತಿಗೆ ಹೇಳಿದರು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಅವಳು ಚಹಾ ಕೊಡುತ್ತಾ ಹೇಳಿದಳು: "ಹುಚ್ಚಲ್ರಿ, ಪೈಪು ಒಡದೈತಿ."

ಕೈ ಮುಗಿದ ತಬಲಾ

ಪೈಪು ಒಂದು ದಿನ ರಿಪೇರಿಯಾಯಿತು. ಆದರೆ ಅಷ್ಟೊತ್ತಿಗೆ ನನಗೆ ಖರೇನೇ ಹುಚ್ಚು ಹಿಡಿದಿತ್ತು. ದಿನಾ ಕುಳಿತು ನೋಡಿದರೆ ಆ ಏಳು ಮುಖಗಳ ಮೇಲೆ ಪ್ರೀತಿ ಬರದೆ ಇರುತ್ತದೆಯೇ? ಏಳರಲ್ಲಿ ಒಬ್ಬ ತಬಲಾದವನೂ ಇಲ್ಲವಲ್ಲ ಎಂಬ ಕೊರಗು ಸುರುವಾಯಿತು.

ನಮ್ಮಲ್ಲಿ ಬೋರ್ಡ್ ಬರೆಯುವ ಪೇಂಟರ್ ಒಬ್ಬನಿದ್ದಾನೆ. ಚುನಾವಣೆ ಬಂದಾಗ ಗೋಡೆಗಳ ಮೇಲೆ ಪುಢಾರಿಗಳ ಚಿತ್ರ ಬರೆದೇ ಕೈ ಪಳಗಿದವನು. ತಬಲಾ ಬಾರಿಸುವವನ ಚಿತ್ರ ಬರೆದುಕೊಡು ಅಂದೆ. ಹದಿನೈದು ದಿನಕ್ಕೆ ತಂದ. ಬಿಳಿ ಜುಬ್ಬಾ, ಹೆಗಲ ಮೇಲೆ ಶಾಲು, ಉಬ್ಬಿದ ಗಲ್ಲ, ನಗುಮುಖ. ಮುಂದೆ ಎರಡು ತಬಲಾ. ಎಲ್ಲಾ ಸರಿ, ಆದರೆ ಎರಡೂ ಕೈ ಮುಗಿದುಕೊಂಡಿದ್ದ.

"ಕೈ ಯಾಕಪಾ ಮುಗದಾನ?" ಅಂದೆ.

ಪೇಂಟರ್ ಬಗ್ಗಿ ತನ್ನ ಚಿತ್ರವನ್ನೇ ನೋಡಿದ. "ಬಾರಸೂಕಿಂತ ಮೊದಲ ನಮಸ್ಕಾರ ಮಾಡಾಕತ್ತಾನ್ರಿ ಸರ್. ಆಮ್ಯಾಲ ಬಾರಸ್ತಾನ."

ನಾಲ್ಕು ವರ್ಷವಾಯಿತು, ಇನ್ನೂ ಬಾರಿಸಿಲ್ಲ. ಬಂದವರೆಲ್ಲ ಇವರು ಯಾವ ವಾರ್ಡಿಗೆ ನಿಂತಾರ ಎಂದು ಕೇಳುತ್ತಾರೆ. ಕಣ್ಣಿಗೆ ಪೊರೆ ಬಂದಿರುವ ನಮ್ಮ ಅತ್ತೆಯವರಂತೂ ಬಂದಾಗಲೆಲ್ಲ ಅವನೆದುರು ನಿಂತು ತಾವೂ ಕೈ ಮುಗಿಯುತ್ತಾರೆ. ಹೋದ ಸಲ ಕಿವಿಗೊಟ್ಟು ಕೇಳಿದೆ. "ಓಟು ನಿನಗ ಹಾಕೀನೆಪಾ, ನಮ್ಮ ಓಣಿಗೆ ಇನ್ನೂ ನಳಾ ಬರವಲ್ದು" ಅನ್ನುತ್ತಿದ್ದರು.

ಬದಾಮಿಯಿಂದ ಬಂದ ಗಣ

ಬದಾಮಿಯಲ್ಲಿ ಕಲ್ಲು ಕೆತ್ತುವ ಒಬ್ಬರ ಪರಿಚಯವಾಯಿತು. ಗುಹೆಗಳ ಗೋಡೆಯಲ್ಲಿ ಕುಣಿಯುವ ಕುಳ್ಳ ಗಣಗಳಿವೆಯಲ್ಲ, ಅಂಥದೇ ಮದ್ದಳೆ ಬಾರಿಸುವ ಒಂದು ಗಣವನ್ನು ಕೆತ್ತಿಕೊಟ್ಟರು. ಕೆತ್ತುವಾಗ ಒಂದು ಕೈ ಮುರಿದಿತ್ತು. ಪೇಚಾಡುತ್ತಾರೆ ಅಂದುಕೊಂಡರೆ, ಹಳೇದರಂಗ ಕಾಣತೈತಿ, ಇನ್ನೂ ಚೊಲೊ ಆತು ಅಂದರು.

ಟವೆಲ್ಲಿನಲ್ಲಿ ಸುತ್ತಿ ಬಾಗಲಕೋಟೆ ಬಸ್ಸು ಹತ್ತಿದೆ. ಕೆರೂರಿನಲ್ಲಿ ಹಿರಿಯರೊಬ್ಬರು ಹತ್ತಿ ನನ್ನ ಪಕ್ಕ ಕುಳಿತರು. ಇತಿಹಾಸದ ಮಾಸ್ತರಾಗಿ ರಿಟೈರ್ ಆದವರಂತೆ. ಬಸ್ಸು ಕುಲುಕಿ ಟವೆಲ್ ಜಾರಿತು. ಮಾಸ್ತರು ಗಣವನ್ನು ನೋಡಿದರು, ಮುರಿದ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ನಿಂತು, ಚಾಲುಕ್ಯರ ಕಾಲದ ಮೂರ್ತಿ ಕದ್ದು ಒಯ್ಯಾಕತ್ತಾರ ಎಂದು ಇಡೀ ಬಸ್ಸಿಗೆ ಸಾರಿದರು. ಬಸ್ಸು ನಿಂತಿತು. ನಾನು ದನದ ಡಾಕ್ಟರ್ ಅಂದೆ. ಹಂಗಾದ್ರ ಮೂರ್ತಿ ಜೋಡಿ ನಿಮಗೇನು ಕೆಲಸ ಎಂದು ಹಿಂದಿನ ಸೀಟಿನವರು ಕೇಳಿದರು. ನಾಳೆ ಪೇಪರಿನಲ್ಲಿ ನನ್ನ ಫೋಟೋ, ಪಕ್ಕದಲ್ಲಿ ಗಣದ ಫೋಟೋ, ಎರಡೂ ಕಣ್ಣಿಗೆ ಕಟ್ಟಿದವು.

ಪುಣ್ಯಕ್ಕೆ ರಜೆಯ ಮೇಲೆ ಊರಿಗೆ ಹೊರಟ ಒಬ್ಬ ಹವಾಲ್ದಾರರು ಅದೇ ಬಸ್ಸಿನಲ್ಲಿದ್ದರು. ಗಣವನ್ನು ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ ತಲೆಕೆಳಗು ಮಾಡಿದರು. ತಳದಲ್ಲಿ ಅಚ್ಚುಕಟ್ಟಾಗಿ ಕೆತ್ತಿತ್ತು: ಆರ್ಡರ್ ಮೇಲೆ ಮಾಡಿಕೊಡಲಾಗುವುದು. ಕೆಳಗೆ ಮೊಬೈಲ್ ನಂಬರ್.

"ಮಾಸ್ತರ, ಚಾಲುಕ್ಯರಿಗೆ ಫೋನ್ ಹಚ್ಚಿ ಕೇಳೂಣು ತಡೀರಿ" ಎಂದು ಹವಾಲ್ದಾರರು ನಂಬರ್ ಒತ್ತಿದರು. ಕೆತ್ತಿದವರೇ ಎತ್ತಿದರು, ಹೌದು ನಾನ ಮಾಡಿದ್ದು ಅಂದರು. ಬಸ್ಸು ನಕ್ಕು ಮುಂದೆ ಹೊರಟಿತು. ಮಾಸ್ತರು ಮಾತ್ರ ಗಣದ ಮೇಲಿನ ಕಣ್ಣು ತೆಗೆಯಲಿಲ್ಲ. ಬಾಗಲಕೋಟೆ ಬರುವ ಮೊದಲು ಅದೇ ನಂಬರಿಗೆ ತಾವೇ ಫೋನ್ ಮಾಡಿದರು. ದನಿ ತಗ್ಗಿಸಿ, "ನಂದೂ ಒಂದು ಇರ್ಲಿ. ಕೈ ಮುರಿಯೂದು ಮರೀಬ್ಯಾಡ್ರಿ" ಅಂದರು.

ವೀಣೆಯ ಸೀರೆ

ಗೋಡೆಗೆ ಬಟ್ಟೆಯದೂ ಒಂದು ಇರಲಿ ಎಂದು ಇಳಕಲ್ಲಿಗೆ ಹೋದೆ. ಅಲ್ಲಿ ಮಗ್ಗ ಇಟ್ಟುಕೊಂಡ ಅಕ್ಕ ಒಬ್ಬಳಿದ್ದಾಳೆ, ಸೆರಗು ನೇಯುವುದರಲ್ಲಿ ಗಟ್ಟಿ ಕೈ. ಕೆಂಪು ಸೆರಗಿನ ಮೇಲೆ ಬಿಳಿ ವೀಣೆ ಬೇಕು ಅಂದೆ. ನಮ್ಮ ಮನಿತನದಾಗ ಯಾರೂ ವೀಣಾ ನೇಯ್ದಿಲ್ರಿ, ಚೌಕುಳಿ ಹಾಳಿ ಮ್ಯಾಲೆ ಬರದು ಕೊಡ್ರಿ, ನೇಯ್ತೇನಿ ಅಂದಳು. ಎರಡು ದಿನ ಕುಳಿತು ನಾನೇ ಬರೆದೆ. ಅದೇ ತಪ್ಪಾಗಿದ್ದು. ತುಂಡು ಬಟ್ಟೆಗೆ ಮಗ್ಗ ಹೂಡೂದಿಲ್ಲ ಎಂದು ಅವಳು ಇಡೀ ಸೀರೆಯನ್ನೇ ನೇಯ್ದು ಕಳಿಸಿದಳು. ನಾನು ಹೆಮ್ಮೆಯಿಂದ ಸೆರಗು ಬಿಚ್ಚಿ ಹಿಡಿದೆ.

"ಸೌಟು ಭಾಳ ಚಂದ ಬಂದೈತಿ" ಅಂದಳು ನನ್ನ ಹೆಂಡತಿ.

ಹೌದು, ಉದ್ದ ಹಿಡಿಕೆ, ತುದಿಗೆ ದುಂಡನೆಯ ಬಟ್ಟಲು. ಒಮ್ಮೆ ಸೌಟು ಅಂದಮೇಲೆ ನನಗೂ ಅದು ವೀಣೆಯಾಗಿ ಕಾಣಲಿಲ್ಲ. ಗೋಡೆಗೆ ಹೋಗಬೇಕಾದ ಸೀರೆಯನ್ನು ಅವಳು ಉಟ್ಟುಕೊಂಡು ಒಂದು ಮದುವೆಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳು ಮದುಮಗಳನ್ನು ಬಿಟ್ಟು ಇವಳ ಸೆರಗು ಹಿಡಿದು ನೋಡಿದರಂತೆ. ಮುಂದಿನ ಸಲ ನಾನು ಇಳಕಲ್ಲಿಗೆ ಹೋದಾಗ ಅಕ್ಕನ ಮಗ್ಗದ ಮೇಲೆ ಸಾಲು ಸೌಟು. ನನಗೆ ಕೆಟ್ಟದೆನಿಸಿತು. ಅದು ವೀಣೆ, ಸರಸ್ವತಿ ಹಿಡಿಯೋದು ಎಂದು ತಿಳಿಸಿ ಹೇಳಿದೆ. ಬೇಕಾದರೆ ಈ ಸಲ ಕೊಳಲು ಬರೆದುಕೊಡುತ್ತೇನೆ, ಅದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲ ಅಂದೆ.

ಅಕ್ಕ ಮಗ್ಗ ನಿಲ್ಲಿಸಲಿಲ್ಲ. "ಬರದು ಕೊಡ್ರಿ ಸರ್. ಲಟ್ಟಣಗೀನೂ ಕೇಳಾಕತ್ತಾರ."

ಕಾಕಾನ ಬೆನ್ನು

ನಮ್ಮ ಪಕ್ಕದ ಮನೆಯ ಕಾಕಾ ಬೀರಪ್ಪನ ಭಕ್ತ. ಒಂದು ಹಿಂಡು ಕುರಿ, ಎರಡು ಎಮ್ಮೆ, ಮನೆಯಲ್ಲಿ ಒಂದು ಡೊಳ್ಳು. ನನ್ನ ಚಿತ್ರಗಳ ಮೇಲೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ಆದರೆ ಡೊಳ್ಳು ಬಾರಿಸುವವರ ದೊಡ್ಡ ಫೋಟೋ ಒಂದನ್ನು ನಾನು ತಂದ ದಿನ ಅದರ ಮುಂದೆ ತಾಸುಗಟ್ಟಲೆ ನಿಂತರು. ಫೋಟೋದಲ್ಲಿ ಮುಂದೆಯೇ ಒಬ್ಬನ ಅಗಲವಾದ ಬೆನ್ನು ಅರ್ಧ ಜಾಗ ನುಂಗಿತ್ತು. ಕೊನೆಗೆ ಕಾಕಾ ಆ ಬೆನ್ನಿನ ಮೇಲೆ ಬೆರಳಿಟ್ಟು, "ಇದು ನಾನ" ಅಂದರು.

ಅಂದಿನಿಂದ ಅವರ ಬೀಗರು, ಅಳಿಯಂದಿರು, ಊರಿಂದ ಬಂದವರು, ಎಲ್ಲರೂ ಬೆನ್ನು ನೋಡಲು ನಮ್ಮ ಮನೆಗೆ. ಎಲ್ಲರಿಗೂ ನನ್ನ ಹೆಂಡತಿ ಚಹಾ ಮಾಡಿದಳು. ಕಡೆಗೆ ಕಾಕಾ ತಮ್ಮ ಹೆಂಡತಿಯನ್ನೇ ಕರೆತಂದರು. ಆ ಕಾಕಿ ಹತ್ತಿರ ಹೋಗಿ ನೋಡಿದಳು, ದೂರ ಬಂದು ನೋಡಿದಳು.

"ಖರೇನ ಇವ್ರ" ಅಂದಳು. "ಹಿಂಗ ಆ ಕಡೆ ಹೊಳ್ಳಿ ನಿಂತ್ರ ಭಾಳ ಚೊಲೊ ಕಾಣ್ತಾರ."

ಸಾಹೇಬರು ಊಟಕ್ಕೆ ಬಂದದ್ದು

ಆ ವರ್ಷ ನನ್ನ ವರ್ಗದ ಮಾತು ನಡೆದಿತ್ತು. ದೂರದ ತಾಲೂಕಿಗೆ ಎಂದು ಸುದ್ದಿ. ಮನೆತುಂಬ ಚೌಕಟ್ಟು, ಕಲ್ಲು, ಗಾಜು. ಇವನ್ನೆಲ್ಲ ಹೊತ್ತು ಎಲ್ಲಿಗೆ ಹೋಗುವುದು ಎಂದು ನನಗೆ ಊಟ ಸೇರುತ್ತಿರಲಿಲ್ಲ. ನೀವು ಹೋಗ್ರಿ, ನಾ ಇವರೆಲ್ಲಾರ ಜೋಡಿ ಇಲ್ಲೇ ಇರ್ತೇನಿ ಅಂದಳು ಹೆಂಡತಿ. ಆಗ ಬಾಗಲಕೋಟೆಯ ನಮ್ಮ ಸಾಹೇಬರು ತಪಾಸಣೆಗೆ ಬಂದರು. ವರ್ಗಕ್ಕೆ ಹೆಸರು ಬರೆದ ಪಟ್ಟಿ ಅವರ ಚೀಲದಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಕರೆದೆ.

ರೊಟ್ಟಿ, ಎಣ್ಣೆಗಾಯಿ, ಆಮೇಲೆ ಅಮೀನಗಡದ ಕರದಂಟು. ಸಾಹೇಬರು ತೃಪ್ತಿಯಿಂದ ಗೋಡೆಗಳನ್ನು ನೋಡುತ್ತಾ ಬಂದರು. ಅವರು ಖರೇನೇ ಸಂಗೀತ ಬಲ್ಲವರು. ಇಷ್ಟೆಲ್ಲ ಕೂಡಿಸೀರಿ, ನೀವು ಏನು ಬಾರಸ್ತೀರಿ ಎಂದು ಕೇಳಿದರು. ಏನೂ ಇಲ್ಲ ಅಂದೆ. ಹಾಡ್ತೀರೇನು ಅಂದರು. ಎರಡು ಸಲ ಇಲ್ಲ ಅಂದರೆ ಸಾಹೇಬರಿಗೆ ಬೇಸರವಾದೀತು ಎಂದು, ಹಂಗ ಸ್ವಲ್ಪ ಅಂದುಬಿಟ್ಟೆ. ಬಾಗಿಲ ಹಿಂದೆ ಹೆಂಡತಿ ಕೈ ಅಲ್ಲಾಡಿಸಿ ಬೇಡ ಅಂದದ್ದು ಕಂಡಿತು. ಆದರೆ ಸಾಹೇಬರು ಆಗಲೇ ಕಣ್ಣು ಮುಚ್ಚಿ ತೊಡೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

ಸಾಲಿಯಲ್ಲಿ ಕಲಿತ ಒಂದು ಭಜನೆ ಎತ್ತಿಕೊಂಡೆ. ಪಲ್ಲವಿ ಒಂದು ಸಲ ಹೇಳಿದೆ. ಸಾಹೇಬರ ಕಣ್ಣು ತೆರೆಯಿತು. ಎರಡನೇ ಸಲ ಇನ್ನೂ ಮೇಲಕ್ಕೆ ಹೋದೆ. ಅಷ್ಟರಲ್ಲಿ ಹಿತ್ತಿಲ ಬಾಗಿಲು ದಢಾರನೆ ತೆರೆದು ಪಕ್ಕದ ಮನೆಯ ಕಾಕಾ ಒಳಗೆ ಬಂದರು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಎಣ್ಣೆಯ ಬಟ್ಟಲು, ಧೋತರ ಮೊಣಕಾಲ ಮೇಲೆ ಕಟ್ಟಿದ್ದರು.

"ಎಲ್ಲೈತ್ರಿ ಎಮ್ಮಿ?" ಅಂದರು. "ಭಾಳ ತ್ರಾಸಿನಾಗ ಈಯಾಕತ್ತೈತಿ, ಒದರೂದು ನಮ್ಮ ಮನಿಗೆ ಕೇಳಾಕತ್ತೈತಿ. ಕಾಲು ಹೊರಗ ಬಂದಾವೇನು?"

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ವರ್ಗದ ಲಾರಿ ಬಾಗಿಲಿಗೇ ಬಂದು ನಿಂತಂತೆ ಕಂಡಿತು. ಸಾಹೇಬರು ನನ್ನನ್ನು ಒಮ್ಮೆ, ಕಾಕಾನನ್ನು ಒಮ್ಮೆ ನೋಡಿ, ಡಾಕ್ಟರರ ಗಂಭೀರ ದನಿಯಲ್ಲಿ ಹೇಳಿದರು: "ಪಲ್ಲವಿ ಹೊರಗ ಬಂದೈತಿ ಯಜಮಾನರ. ಚರಣ ಇನ್ನೂ ಒಳಗ ಐತಿ."

ಕಾಕಾ ತೋಳಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದರು. "ಹಂಗಾದ್ರ ತಡಾ ಮಾಡಬ್ಯಾಡ್ರಿ. ಚರಣ ಒಳಗ ಸಿಕ್ಕಿದ್ರ ಕೈ ಹಾಕಿ ಜಗ್ಗಬೇಕಾಕ್ಕೈತಿ."

ಸಾಹೇಬರಿಗೆ ಆಮೇಲೆ ತಡೆದುಕೊಳ್ಳಲಾಗಲಿಲ್ಲ. ಕಣ್ಣಲ್ಲಿ ನೀರು ಬರುವತನಕ ನಕ್ಕರು. ಸಾವರಿಸಿಕೊಂಡು ಚೀಲದಿಂದ ಪಟ್ಟಿ ತೆಗೆದು, ನನ್ನ ಹೆಸರಿನ ಮೇಲೆ ಗೆರೆ ಎಳೆದರು.

"ನಿಮ್ಮನ್ನ ಎಲ್ಲಿಗೂ ಕಳಸಂಗಿಲ್ಲ" ಅಂದರು. "ಇಲ್ಲಿ ದನಕ್ಕಾದ್ರೂ ರೂಢಿ ಆಗೈತಿ."