ಕೌದಿ ಹೊದ್ದ ಕಂಪ್ಯೂಟರ್

ಮನೆಯ ಶಾಂತಿ ಯಾವುದರ ಮೇಲೆ ನಿಂತಿರುತ್ತದೆ ಎಂಬುದು ಅದು ಹೋಗುವವರೆಗೂ ಗೊತ್ತಾಗುವುದಿಲ್ಲ. ಕೆಲವರ ಮನೆಯಲ್ಲಿ ಅದು ಗಂಡನ ಸಂಬಳದ ಮೇಲೆ, ಕೆಲವರ ಮನೆಯಲ್ಲಿ ನಲ್ಲಿಯ ನೀರಿನ ಮೇಲೆ ನಿಂತಿರುತ್ತದೆ. ನಮ್ಮ ಮನೆಯ ಶಾಂತಿ ನಾಲ್ಕು ಕೋಳಿಗಳ ಮೇಲೆ ನಿಂತಿತ್ತು. ನಾವು ಮೊಟ್ಟೆ ಮುಟ್ಟುವ ಜನವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಆ ಕೋಳಿಗಳು ಇದ್ದದ್ದು ಕಂಪ್ಯೂಟರಿನೊಳಗೆ, ಅವುಗಳನ್ನು ಸಾಕಿಕೊಂಡಿದ್ದವರು ನಮ್ಮ ಅತ್ತೆ.

ಬಳ್ಳಾರಿಯಲ್ಲಿ ಆಗ ಗಣಿಯ ಭರಾಟೆ. ನಮ್ಮ ಓಣಿಯಲ್ಲಿ ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರೆಲ್ಲ ಲಾರಿ ಕೊಂಡರು. ನಮ್ಮನೆಯವರು ಹಳೆಯ ಕಂಪ್ಯೂಟರ್ ಒಂದನ್ನು ಕೊಂಡರು. ಅವರು ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಸಂಗನಕಲ್ಲಿನ ಗುಡ್ಡದ ಮೇಲೆ ಆದಿಮಾನವರು ಕಲ್ಲಿನ ಕೊಡಲಿ ಹೇಗೆ ಮಾಡುತ್ತಿದ್ದರು ಎಂದು ಕೇಳಿದರೆ ಊಟ ಬಿಟ್ಟು ಹೇಳುತ್ತಾರೆ, ಅಡಿಗೆ ಅನಿಲ ಮುಗಿದಿದೆ ಎಂದರೆ ಅವರಿಗೆ ಕಿವಿ ಕೇಳುವುದಿಲ್ಲ. ಆ ಕೊಡಲಿಗಳ ಬಗ್ಗೆ ಟೈಪು ಮಾಡಲು ಕಂಪ್ಯೂಟರ್ ಬಂತು. ಅದುವರೆಗೆ ಅತ್ತೆ ಹಗಲೆಲ್ಲ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಓಣಿಯ ಆಡಳಿತ ನೋಡಿಕೊಳ್ಳುತ್ತಿದ್ದರು. ಅದಿರಿನ ಲಾರಿಗಳು ಹೆಚ್ಚಾಗಿ, ಕೂತ ಸ್ವಲ್ಪ ಹೊತ್ತಿಗೇ ಬಿಳಿ ಸೀರೆ ಅದರ ದೂಳಿಗೆ ಕೆಂಪಾಗತೊಡಗಿದ ಮೇಲೆ ಕಟ್ಟೆ ಬಿಟ್ಟರು, ಕಿಟಕಿ ಬಾಗಿಲು ಮುಚ್ಚಿಸಿದರು. ಆಡಳಿತ ಮಾಡುವ ಕೈ ಸುಮ್ಮನಿರುವುದೇ? ಅಡಿಗೆಮನೆಗೆ ಬಂತು.

ಅತ್ತೆ ಕೆಟ್ಟವರಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತು, "ಮಂಡಕ್ಕಿ ಭಾಳ ನೆನಿಸಿದೆವ್ವಾ, ಉಗ್ಗಾಣಿ ಅಂಬಲಿ ಆಗತೈತಿ ನೋಡು," "ಈಗಿಂದೀಗ ಉಪ್ಪು ಹಾಕಬ್ಯಾಡ, ಕುದಿ ಬರಲಿ," "ಅಷ್ಟು ಉಪ್ಪು ಸಾಲಂಗಿಲ್ಲ," "ಏ ಏ, ಅಷ್ಟು ಬ್ಯಾಡ" ಎಂದು ಹೇಳುತ್ತಲೇ ಇದ್ದರೆ ಕೈಯಲ್ಲಿದ್ದ ಉಪ್ಪು ಪಾತ್ರೆಗೆ ಬೀಳಬೇಕೋ ಡಬ್ಬಿಗೆ ಮರಳಬೇಕೋ ತಿಳಿಯದೆ ಬೆರಳಲ್ಲೇ ಉಳಿಯುತ್ತದೆ. "ನಿನಗ ತಿಳದಂಗ ಮಾಡು" ಎಂಬ ಮಾತು ಅವರ ಬಾಯಿಂದ ಒಮ್ಮೆ ಬಂದರೆ ಸಾಕು ಎಂದು ನಾನು ಕಾಯುತ್ತಿದ್ದೆ. ಜನ ಚಿನ್ನದ ಬಳೆಗೆ ಕಾಯುವುದಿಲ್ಲವೇ, ಹಾಗೆ.

ದೇವರು ನನ್ನ ಮೊರೆ ಕೇಳಿದ್ದು ಸಿರುಗುಪ್ಪದ ನಾದಿನಿಯ ಗಂಡನ ರೂಪದಲ್ಲಿ. ಅವರು ಹಬ್ಬಕ್ಕೆ ಬಂದಾಗ ಒಂದು ಸಿ.ಡಿ. ತಂದು ಕಂಪ್ಯೂಟರಿಗೆ ಆಟ ಹಾಕಿಕೊಟ್ಟರು. ಮೇಲೆ ಅಡ್ಡಗೋಲಿನ ಮೇಲೆ ನಾಲ್ಕು ಕೋಳಿ, ಕೆಳಗೆ ಒಂದು ಬುಟ್ಟಿ. ಕೋಳಿ ಮೊಟ್ಟೆ ಉದುರಿಸುತ್ತದೆ, ನಾವು ಬುಟ್ಟಿಯನ್ನು ಅತ್ತಿತ್ತ ಸರಿಸಿ ಹಿಡಿಯಬೇಕು. ಅಷ್ಟೇ. ಅತ್ತೆ ಒಮ್ಮೆ ಬಗ್ಗಿ ನೋಡಿದವರು ಆಮೇಲೆ ಮೇಲೇಳಲಿಲ್ಲ. ಮೊಟ್ಟೆ ಎಂದು ಬಾಯಲ್ಲಿ ಹೇಳುವುದು ಹೇಗೆ? ಅವುಗಳನ್ನು ಲಿಂಬಿಹಣ್ಣು ಎಂದು ಕರೆದರು. ಕೋಳಿಗಳನ್ನು ಪಾರಿವಾಳ ಮಾಡಿದರು. ಪಾರಿವಾಳ ಯಾಕೆ ಲಿಂಬಿಹಣ್ಣು ಹಾಕುತ್ತದೆ ಎಂದು ಕೇಳುವ ದಡ್ಡತನವನ್ನು ನಾವು ಯಾರೂ ಮಾಡಲಿಲ್ಲ. ಮಧ್ಯಾಹ್ನವೆಲ್ಲ ಆ ಕೋಣೆಯಿಂದ "ಬಾ, ಬಾ, ಬಿತ್ತು!" ಎಂಬ ಕೂಗು ಕೇಳುತ್ತಿತ್ತು. ನಾನು ಅಡಿಗೆಮನೆಯಲ್ಲಿ ಮಹಾರಾಣಿಯ ಹಾಗೆ ಇದ್ದೆ. ಆಗಲೂ ಉಪ್ಪಿನ ಹೊತ್ತಿಗೆ ಸರಿಯಾಗಿ ಆಟ ನಿಲ್ಲಿಸಿ ಬಂದು ರುಚಿ ನೋಡಿ ಹೋಗುತ್ತಿದ್ದರು, ಅದು ಬೇರೆ ಮಾತು.

ಹಾಗಿದ್ದ ಕಂಪ್ಯೂಟರನ್ನು ಕೊಂದವರೂ ಅತ್ತೆಯೇ. ಬಳ್ಳಾರಿಯ ಬೇಸಿಗೆಯಲ್ಲಿ ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ತಂಪು ಮಾಡುವುದು ಎಲ್ಲರಿಗೂ ಗೊತ್ತು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಸುಡುತ್ತಿತ್ತು. ಅತ್ತೆಯ ಕರುಳು ಚುರ್ ಎಂದಿತು. ಒಳ್ಳೆಯ ಅರಿವೆಯನ್ನು ನೀರಲ್ಲಿ ಅದ್ದಿ, ಹಿಂಡಿಯೂ ಹಿಂಡದ ಹಾಗೆ ಹಿಂಡಿ, ಡಬ್ಬಕ್ಕೆ ಸುತ್ತಿದರು. ಅದು ಒಮ್ಮೆ ಚಟ್ ಎಂದು ತಣ್ಣಗಾಯಿತು. ಆಮೇಲೆ ಎಂದೂ ಬಿಸಿಯಾಗಲಿಲ್ಲ.

ಹೊಸದು ಬಂತು. ಅದರಲ್ಲಿ ಎಲ್ಲ ಹೊಸ ನಮೂನೆ, ವಿಂಡೋಸ್ ಕೂಡ ಹೊಸದು. ಹಳೆಯದರ ಡಿಸ್ಕಿನಲ್ಲಿ ಉಳಿದಿದ್ದ ಆಟವನ್ನು ಹೇಗೋ ಎತ್ತಿ ಇದರಲ್ಲಿ ಇಟ್ಟೆವು. ಒತ್ತಿದರೆ ಕೋಳಿ ಬರಲಿಲ್ಲ, ಇಂಗ್ಲಿಷಿನ ಒಂದು ಚೀಟಿ ಬಂತು. ಈ ಆಟಕ್ಕೂ ನನಗೂ ಹೊಂದುವುದಿಲ್ಲ ಎಂಬುದು ಅದರ ಸಾರಾಂಶ. ಕೆಳಗೆ 'ಸರಿ' ಎಂಬ ಗುಂಡಿ ಬೇರೆ. ಏನು ಸರಿ? ನನ್ನ ಮೈಯೆಲ್ಲ ಉರಿಯಿತು. ಸಾವಿರಾರು ಕೆಲಸ ಮಾಡುವ ಯಂತ್ರಕ್ಕೆ ನಾಲ್ಕು ಕೋಳಿ ಸಾಕಲು ಆಗುವುದಿಲ್ಲವೇ? ಅತ್ತೆ ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತು, "ಈ ಬ್ಯಾಳಿ ಯಾವ ಅಂಗಡ್ಯಾಗ ತಂದೆವ್ವಾ?" ಎಂದರು.

ಅವತ್ತೇ ಕಂಪ್ಯೂಟರ್ ಅಂಗಡಿಯ ರಸೂಲನನ್ನು ಕರೆಸಿದೆ. ಅವನು ಯಾವ ರೋಗಕ್ಕೂ 'ರ‍್ಯಾಮ್ ಹಾಕಸ್ರಿ' ಎನ್ನುವವನು. ಮೌಸ್ ಕೆಟ್ಟರೂ ಅದೇ ಮಾತು. ಆ ದಿನ ಮಾತ್ರ ತಲೆ ಕೆರೆದುಕೊಂಡು, "ಅಕ್ಕಾ, ಇದು ಹಳೇ ಗೇಮ್ ಐತಿ. ಅಸಲಿ ಸಿ.ಡಿ. ಬೇಕ್ರಿ. ತಂದು ಕೊಡ್ರಿ, ಏನಾರ ಮಾಡೋಣ," ಎಂದ.

ಸಿರುಗುಪ್ಪಕ್ಕೆ ಫೋನು ಮಾಡಿದೆ. "ಆ ಸಿ.ಡಿ. ನಮ್ಮ ಕಡೆ ಎಲ್ಲೈತಿ ಅತ್ತಿಗಿ? ಕುರುಗೋಡಿನ ಸಣ್ಣಮಾವ ಒಯ್ದಾನಲ್ಲ," ಎಂದಳು ನಾದಿನಿ. ಸಣ್ಣಮಾವ ಎಂದರೆ ನಮ್ಮ ಅತ್ತೆಯ ತಮ್ಮ. ಅವರ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಅನುಮಾನ ಅಲ್ಲೇ ಬರಬೇಕಿತ್ತು. ರಜೆಯ ದಿನ ಗಂಡನನ್ನು ಎಳೆದುಕೊಂಡು ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಅವರು ದಾರಿಯುದ್ದಕ್ಕೂ ಅಲ್ಲಿಯ ಕೋಟೆಯ ಚರಿತ್ರೆ ಹೇಳಿದರು, ನಾನು ದಾರಿಯುದ್ದಕ್ಕೂ ಬೇಳೆಯ ಅಂಗಡಿಯ ಬಗ್ಗೆ ಯೋಚಿಸಿದೆ. ಸಣ್ಣಮಾವ ನಮ್ಮನ್ನು ಸೀದಾ ಅಂಜೂರದ ತೋಟಕ್ಕೆ ಕರೆದೊಯ್ದರು. ಗಿಡಗಿಡಕ್ಕೂ ದಾರದಲ್ಲಿ ಸಿ.ಡಿ. ತೂಗುಹಾಕಿದ್ದರು. ಮದುವೆಯ ಸಿ.ಡಿ., ಭಜನೆಯ ಸಿ.ಡಿ., ಎಲ್ಲವೂ ಬಿಸಿಲಿಗೆ ಫಳಫಳ ಹೊಳೆಯುತ್ತ ತಿರುಗುತ್ತಿದ್ದವು.

"ಒಂದು ಹಕ್ಕಿನೂ ಹಾಯಂಗಿಲ್ಲ ನೋಡವ್ವಾ! ಇದರಾಗ ನಿಂದು ಯಾವುದೈತಿ ಹುಡಿಕ್ಯೋ," ಎಂದರು ಹೆಮ್ಮೆಯಿಂದ.

ಕತ್ತು ಮೇಲೆತ್ತಿ, ಗಿಡದಿಂದ ಗಿಡಕ್ಕೆ ಅಲೆದು, ಅಂಜೂರದ ಹಾಲು ಮೈಗೆ ತಗುಲಿ ತುರಿಸಿಕೊಳ್ಳುತ್ತ ಹುಡುಕಿದೆ. ಕೊನೆಗೆ ಸಿಕ್ಕಿತು. ಕೋಳಿಗಳಿದ್ದ ಸಿ.ಡಿ. ಹಕ್ಕಿ ಓಡಿಸುತ್ತಿತ್ತು. ಅದರ ಜಾಗಕ್ಕೆ ಬೇರೆ ಏನಾದರೂ ಕೊಡದೆ ಬಿಚ್ಚಲು ಸಣ್ಣಮಾವ ಒಪ್ಪಲಿಲ್ಲ. ನನ್ನ ಕೈಚೀಲದ ಕನ್ನಡಿ ಕೊಟ್ಟು ಬಂದೆ.

ರಸೂಲ ಅದನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿದ. ಬಿಸಿಲುಂಡ ಸಿ.ಡಿ. ಒಳಗೆ ಕರಕರ ಎಂದು ಹಲ್ಲು ಕಡಿದು ಕೊನೆಗೆ ಓದಿಸಿಕೊಂಡಿತು. ಆಮೇಲೆ ಅವನು ಎಲ್ಲೆಲ್ಲೋ ಒತ್ತಿ, "ಇದಕ್ಕ ಒಂದು ಸುಳ್ಳು ಹೇಳಬೇಕ್ರಿ ಅಕ್ಕಾ. ಈ ಸಿಸ್ಟಮ್ ಇನ್ನೂ ಹಳೇದೇ ಐತಿ ಅಂತ ಗೇಮ್‌ಗೆ ನಂಬಸಬೇಕು," ಎಂದ. ಹಾಗೆ ನಂಬಿಸುವ ಗುಂಡಿಯೂ ಅದರಲ್ಲೇ ಇತ್ತು. ಕೋಳಿಗಳು ಬಂದವು! ನಾನು ಅತ್ತೆಯನ್ನು ಕೂಗಿ ಕರೆದೆ. ಅವರು ಸೆರಗು ಸರಿಮಾಡಿಕೊಂಡು ಕೂತರು. ಆಟ ಶುರುವಾಯಿತು, ಶುರುವಾಗುವಷ್ಟರಲ್ಲಿ ಮುಗಿಯಿತು. ಮತ್ತೆ ಶುರುಮಾಡಿದರು, ಮತ್ತೆ ಮುಗಿಯಿತು. ಮೊಟ್ಟೆಗಳು ಆಲಿಕಲ್ಲಿನ ಹಾಗೆ ಸುರಿಯುತ್ತಿದ್ದವು. ಬುಟ್ಟಿಯನ್ನು ಮುಟ್ಟಿದರೆ ಗೋಡೆಗೆ ಹೋಗಿ ಬಡಿಯುತ್ತಿತ್ತು.

"ಪಾರಿವಾಳಕ್ಕ ಹುಚ್ಚು ಹಿಡದೈತಿ," ಎಂದರು ಅತ್ತೆ.

"ಹುಚ್ಚಲ್ರೀ ಅಮ್ಮಾ, ಸ್ಪೀಡು! ಹೊಸಾ ಮಷಿನ್ ಐತಲ್ಲ, ಹಳೇ ಗೇಮ್‌ನ ಓಡಿಸಿಬಿಡತೈತಿ," ಎಂದು ರಸೂಲ ಯಂತ್ರದ ಪರವಾಗಿ ಬೀಗಿದ.

"ಹಂಗಾದ್ರ ಕಂಪ್ಯೂಟರ್ ಸ್ವಲ್ಪ ನಿಧಾನ ಮಾಡಿ ಕೊಡು," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಅಕ್ಕಾ, ಬಳ್ಳಾರ್ಯಾಗ ಯಾರೂ ಏನೂ ನಿಧಾನ ಮಾಡು ಅಂತ ಕೇಳಿಲ್ರಿ. ಎಲ್ಲಾರೂ ಫಾಸ್ಟ್ ಮಾಡು ಅಂತಾರ. ಫಾಸ್ಟ್ ಬೇಕಂದ್ರ ರ‍್ಯಾಮ್ ಹಾಕತೀನಿ. ನಿಧಾನಕ್ಕ ಏನು ಹಾಕಲಿ?" ಎಂದು ಚೀಲ ಎತ್ತಿಕೊಂಡು ಹೋದ. ಹೊರಗೆ ಅದಿರಿನ ಲಾರಿಗಳು ಭರ್ರೆಂದು ಓಡುತ್ತಿದ್ದವು. ಊರಿಗೆ ಊರೇ ಓಡುತ್ತಿರುವಾಗ ನಾನೊಬ್ಬಳು ನಿಧಾನವನ್ನು ಹುಡುಕಿಕೊಂಡು ಹೊರಟಿದ್ದೆ, ಸಿಗುವುದಾದರೂ ಎಲ್ಲಿ? ಅತ್ತೆ ಮಣೆಗೆ ಮರಳಿದರು. ಈ ಸಲ ಸೋತ ಸಿಟ್ಟೂ ಜೊತೆಗಿತ್ತು. ಸಾಸಿವೆ ಸಿಡಿಯುವ ಸದ್ದು ಸರಿಯಿಲ್ಲ ಎಂದರು. ಸದ್ದಿನಲ್ಲೂ ಸರಿ ತಪ್ಪು ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಗಂಡನ ಹತ್ತಿರ ಅತ್ತುಕೊಂಡರೆ, ಆದಿಮಾನವರ ಕಾಲದಲ್ಲಿ ಸಾಸಿವೆ ಇತ್ತೋ ಇಲ್ಲವೋ ಎಂದು ಯೋಚಿಸತೊಡಗಿದರು.

ದಾರಿ ಸಿಕ್ಕಿದ್ದು ನಡುಬೇಸಿಗೆಯ ಒಂದು ಮಧ್ಯಾಹ್ನ. ಒದ್ದೆ ಬಟ್ಟೆಯ ತಂಟೆಗೆ ಹೋಗಬೇಡಿ ಎಂದು ನಮ್ಮನೆಯವರು ಕೈಮುಗಿದು ಹೇಳಿದ್ದರಿಂದ, ಅತ್ತೆ ಕೆಂಪು ದೂಳು ಕೂರದಿರಲಿ ಎಂದು ಹೊಸ ಡಬ್ಬಕ್ಕೆ ತಾವೇ ಹೊಲಿದ ಕೌದಿಯನ್ನು ಹೊದಿಸಿದರು. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿ, ಚಳಿಗಾಲದಲ್ಲೇ ಬೆವರು ಬರಿಸುವಂಥದ್ದು. ದೂಳು ಏಳುತ್ತದೆಂದು ಫ್ಯಾನನ್ನೂ ಆರಿಸಿದರು. ಮನಸ್ಸು ತಡೆಯದೆ ಆಟ ತೆರೆದು ಕೂತರು. ಮೊದಮೊದಲು ಅದೇ ಆಲಿಕಲ್ಲು. ಕೌದಿಯೊಳಗೆ ಕಾವು ಏರಿದ ಹಾಗೆಲ್ಲ ಕಂಪ್ಯೂಟರಿಗೆ ತ್ರಾಣ ಹೋಯಿತು. ಮಧ್ಯಾಹ್ನದ ಬಿಸಿಲಿಗೆ ಬಳ್ಳಾರಿಯಲ್ಲಿ ಯಾರಿಗಿರುತ್ತದೆ? ಮೊಟ್ಟೆಗಳು ಒಂದೊಂದಾಗಿ, ಯೋಚಿಸಿ ಯೋಚಿಸಿ ಇಳಿಯತೊಡಗಿದವು.

"ಏ ಸುಮಾ, ಓಡಿ ಬಾ! ಪಾರಿವಾಳ ಹಾದಿಗೆ ಬಂದಾವ!" ಎಂದು ಅತ್ತೆ ನನ್ನನ್ನು ಕೂಗಿದರು.

ರಸೂಲ ಇದನ್ನು ಕೇಳಿ, "ಅಕ್ಕಾ, ತಗೀರಿ ಅದನ್ನ, ಸುಟ್ಟು ಹೋಗತೈತಿ!" ಎಂದು ಫೋನಿನಲ್ಲೇ ಕಿರುಚಿದ. ನಮ್ಮನೆಯವರು ಕೌದಿ ಎಳೆಯಲು ಹೋದರು. ಅಡ್ಡ ನಿಂತವಳು ನಾನು. ಕೊಡಲಿಗಳ ಲೇಖನವನ್ನು ಬೇರೆ ಸಿ.ಡಿ.ಗೆ ಹಾಕಿಟ್ಟುಕೊಳ್ಳಿ, ಕೌದಿ ಮುಟ್ಟಿದರೆ ನಾನು ತವರಿಗೆ ಹೋಗುತ್ತೇನೆ ಎಂದೆ. ಅಂದಿನಿಂದ ಮಧ್ಯಾಹ್ನವಾದರೆ ಆ ಕೋಣೆ ಭಟ್ಟಿ. ಬಾಗಿಲು ಮುಚ್ಚಿ, ಫ್ಯಾನು ಆರಿಸಿ, ಅತ್ತೆ ಬೆವರು ಸುರಿಸುತ್ತ ಸುಖವಾಗಿ ಲಿಂಬಿಹಣ್ಣು ಹಿಡಿಯುತ್ತಾರೆ. ನಡುವೆ ಎದ್ದರೆ ಕಾವು ಆರಿ ಆಟ ಓಡತೊಡಗುತ್ತದಂತೆ. ಹಾಗಾಗಿ ರುಚಿ ನೋಡಲೂ ಅಡಿಗೆಮನೆಗೆ ಬರುವುದು ನಿಂತಿತು.

ಹೀಗೆ ಅಡಿಗೆಮನೆ ಪೂರ್ತಿ ನನ್ನದಾದ ಮೊದಲ ದಿನ ಸಾರು ಕುದಿಯಿತು. ಉಪ್ಪಿನ ಡಬ್ಬಿ ತೆರೆದೆ. ಬಾಗಿಲಲ್ಲಿ ಮಣೆ ಖಾಲಿ. ಚಿಟಿಕೆ ಹಿಡಿದ ಕೈ ಅಲ್ಲೇ ನಿಂತಿತು. ಇಷ್ಟು ದಿನ 'ಸಾಲಂಗಿಲ್ಲ' ಮತ್ತು 'ಬ್ಯಾಡ' ಇವೆರಡರ ನಡುವೆ ಉಪ್ಪು ಹಾಕಿ ರೂಢಿಯಾದ ನನಗೆ, ಯಾರೂ ಏನೂ ಹೇಳದಿದ್ದರೆ ಎಷ್ಟು ಹಾಕಬೇಕೆಂದು ನಿಜವಾಗಿಯೂ ಗೊತ್ತಿರಲಿಲ್ಲ. ಹಾಕಿದೆ. ಸಾಲದು ಅನಿಸಿ ಮತ್ತೆ ಹಾಕಿದೆ. ಹೆದರಿಕೆಯಾಗಿ ಸೌಟಿನಲ್ಲಿ ಸಾರು ಹಿಡಿದು ಆ ಭಟ್ಟಿಯೊಳಗೆ ಹೋಗಿ, "ಅತ್ತೀ, ಉಪ್ಪು ಆಗೈತೇನು ನೋಡ್ರಿ," ಎಂದೆ.

ಅತ್ತೆ ತೆರೆಯಿಂದ ಕಣ್ಣು ಕೀಳಲಿಲ್ಲ. "ನಿನಗ ತಿಳದಂಗ ಮಾಡವ್ವಾ," ಎಂದರು.

ಸೌಟು ಹಿಡಿದುಕೊಂಡೇ ನಿಂತಿದ್ದೆ. ಕಾದು ಕಾದು ಪಡೆದ ಮಾತು ಬೈಗುಳಕ್ಕಿಂತ ಕಡೆಯಾಗಿ ಕೇಳಿಸಿತು. ಆ ದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಗಂಡ ತಂಬಿಗೆಗಟ್ಟಲೆ ನೀರು ಕುಡಿದರು. ಅತ್ತೆಯೂ ಒಂದು ತುತ್ತು ಉಂಡು, ಏನೂ ಅನ್ನದೆ, ಆಟದ ಕಾವು ಆರುತ್ತದೆಂದು ಬೇಗ ಎದ್ದರು. ಮರುದಿನ ಮಧ್ಯಾಹ್ನ ಅವರು ಬಚ್ಚಲಿಗೆ ಹೋದ ಸಮಯ ನೋಡಿ, ನಾನು ಆ ಕೋಣೆಗೆ ಹೋಗಿ ಕೌದಿಯ ಒಂದು ಮಡಿಕೆಯನ್ನು ಮೆಲ್ಲಗೆ ಸರಿಸಿ, ಡಬ್ಬಕ್ಕೆ ಸ್ವಲ್ಪ ಗಾಳಿ ಬಿಟ್ಟು ಬಂದೆ. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಅತ್ತೆಗೆ ಮಣೆ ಹಾಕಿ, ಸಾರಿಗೆ ಉಪ್ಪು ಹಾಕದೆ ಕಾದು ಕೂತೆ.