ಅಡುಗೆಕಟ್ಟೆಯ ಎತ್ತರ

ಹೆಂಡತಿಯನ್ನು ಕೇಳದೆ ನಾವು ಗಂಡಸರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವನ್ನು ಹೇಗೋ ಮುಚ್ಚಿಡಬಹುದು. ಸಿಮೆಂಟಿನಲ್ಲಿ ಮಾಡಿದ್ದಕ್ಕೆ ಮಾತ್ರ ಆ ಅನುಕೂಲವಿಲ್ಲ. ಇದು ನನ್ನ ಸ್ವಂತ ಅನುಭವ.

ಬ್ಯಾಡಗಿ ಪೇಟೆಯಲ್ಲಿರುವ ನಮ್ಮ ಮನೆ ಅಜ್ಜನ ಕಾಲದ್ದು. ದಪ್ಪ ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಮಣ್ಣಿನ ಮಾಳಿಗೆ. ಅಡುಗೆಮನೆಗೆ ಹಗಲಲ್ಲೂ ದೀಪ ಬೇಕಿತ್ತು. ನನ್ನ ಹೆಂಡತಿ ಕಸ್ತೂರಿ ಅಲ್ಲಿ ನೆಲದ ಮೇಲೆ ಕೂತು ಒಗ್ಗರಣೆ ಹಾಕಿದರೆ ಪಡಸಾಲೆಯಲ್ಲಿದ್ದ ಬೀಗರು ಸೀನುತ್ತಿದ್ದರು. ನಮ್ಮೂರ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು ಎಂದು ನಾವು ಹೇಳುತ್ತೇವೆ, ಬೀಗರು ನಂಬುವುದಿಲ್ಲ.

"ಹದಿನೆಂಟ ವರ್ಷ ಕತ್ತಲಾಗ ರೊಟ್ಟಿ ಬಡದೇನಿ. ಕಿಟಕಿ ಇರೋ ಅಡಗಿಮನಿ ಒಂದ ಕಟ್ಟಿಸಿಕೊಡ್ರಿ" ಎಂದಳು ಕಸ್ತೂರಿ. ನ್ಯಾಯವಾದ ಮಾತು. ಹಿತ್ತಲ ಗೋಡೆ ಒಡೆದು, ಆರ್‌ಸಿಸಿ ಹಾಕಿ, ನಿಂತು ಅಡುಗೆ ಮಾಡುವ ಗ್ರಾನೈಟ್ ಕಟ್ಟೆಯಿರುವ ಹೊಸ ಅಡುಗೆಮನೆ ಸೇರಿಸುವುದೆಂದಾಯಿತು. ಅಕ್ಕಪಕ್ಕದವರ ಕೈಗೆಲ್ಲ ಆಗಷ್ಟೇ ಮೊಬೈಲ್ ಬಂದಿತ್ತು. ನಮಗೂ ಏನಾದರೂ ಹೊಸದು ಬೇಕಿತ್ತು. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ನಕ್ಷೆಯನ್ನು ನಾನೇ ಬರೆದೆ, ನೆರಳು ಬೆಳಕಿನ ಸಮೇತ.

ಕಟ್ಟೆ ಕೂಡಿಸುವ ದಿನ ಕಸ್ತೂರಿ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕಲು ಮೋಟೆಬೆನ್ನೂರಿಗೆ ಹೋಗಿದ್ದಳು. ಗೌಂಡಿ ಹುಸೇನಣ್ಣ ಕೇಳಿದ: "ಸರ, ಎತ್ತರ ಎಷ್ಟ ಇಡೂನ್ರಿ? ಅಕ್ಕಾರು ಬರೂತನಾ ತಡದ್ರ ಚಲೋ. ನಿಲ್ಲಾವ್ರು ಅವರು." ಆರಡಿಯ ನಾನು ನೆಟ್ಟಗೆ ನಿಂತು, ಗಾಳಿಯಲ್ಲಿ ಹಿಟ್ಟು ನಾದಿ, "ಇಲ್ಲಿಗೆ ಬರಲಿ" ಎಂದೆ. ಹುಸೇನಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗ ಸರಿ ಐತ್ರಿ" ಎಂದ. ನಾನದನ್ನು ಹೊಗಳಿಕೆ ಎಂದುಕೊಂಡೆ.

ಮರಳಿ ಬಂದ ಕಸ್ತೂರಿ ಮೊದಲು ಕಿಟಕಿಯನ್ನೇ ನೋಡುತ್ತ ನಿಂತಳು. "ಬೆಳಕ ಚಲೋ ಬರತೈತಿ" ಎನ್ನುವಾಗ ದನಿ ಮೆತ್ತಗಾಗಿತ್ತು. ಆಮೇಲೆ ಕಟ್ಟೆಯ ಹತ್ತಿರ ಹೋದಳು. ಅವಳು ನನ್ನ ಭುಜಕ್ಕೂ ಬರುವುದಿಲ್ಲ. ಕಟ್ಟೆ ಅವಳ ಎದೆಮಟ್ಟಕ್ಕೆ ಬಂತು. ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತವರಂತೆ ಅದರ ಮೇಲೆ ಎರಡೂ ಮೊಣಕೈ ಊರಿ ಕೇಳಿದಳು: "ರೀ, ಇಲ್ಲಿ ರೊಟ್ಟಿ ಬಡೀಬೇಕೋ, ರಜಿಸ್ಟರ್ ಪತ್ರ ಕಳಸಬೇಕೋ?"

ನಾನು ಸೋಲೊಪ್ಪದೆ ಅವಳಿಗೊಂದು ಸ್ಟೂಲು ತಂದಿಟ್ಟೆ. ಮೂರನೇ ದಿನ ಅದರಿಂದ ಇಳಿಯುವಾಗ ಜಾರಿ ಅವಳ ಕಾಲು ಉಳುಕಿತು. ಮೂರು ವಾರ ಕಾಲೂರಬಾರದೆಂದರು ಡಾಕ್ಟರು. ಬಿಸಿನೀರಿನ ಬಟ್ಟೆ ಒತ್ತುತ್ತ, "ತಪ್ಪಾತು" ಎಂದೆ.

"ಯಾವದು? ಸ್ಟೂಲ್ ಇಟ್ಟಿದ್ದೋ, ನನ್ನ ಕೇಳದ ಇದ್ದಿದ್ದೋ?"

"ಎರಡೂ." ಮದುವೆಯಾದ ಮೇಲೆ ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಅತಿ ಚಿಕ್ಕ ಉತ್ತರ ಅದೇ ಇರಬೇಕು.

ಅವಳು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು, ನಾನು ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿದೆ. ಮೊದಲ ವಾರದ ರೊಟ್ಟಿಗಳ ಆಕಾರ ಡ್ರಾಯಿಂಗ್ ಮಾಸ್ತರನಿಗೆ ಶೋಭಿಸುವಂತಿರಲಿಲ್ಲ. ಮೂರನೇ ವಾರಕ್ಕೆ ದುಂಡಗಾದವು. ಅಷ್ಟರಲ್ಲಿ ಕಟ್ಟೆ ಇಳಿಸಲು ಹುಸೇನಣ್ಣ ಸುತ್ತಿಗೆ ಉಳಿ ಹಿಡಿದು ಬಂದ.

"ಇದು ಇರಲಿ ಬಿಡಣ್ಣ, ಅವರಿಗೆ ರೂಢಿ ಆಗೈತಿ" ಎಂದಳು ಕಸ್ತೂರಿ. "ಆ ಗೋಡಿಗೆ ನನಗೊಂದು ಸಣ್ಣ ಕಟ್ಟಿ ಕಟ್ಟು." ಎದ್ದು ನಿಂತು ಅಂಗೈಯಿಂದ ಎತ್ತರ ತೋರಿಸಿದಳು. ನಕ್ಷೆ ಮುಗಿಯಿತು.

ಈಗ ಪಲ್ಯ ಅವಳ ಕಟ್ಟೆಯಲ್ಲಿ, ರೊಟ್ಟಿ ನನ್ನ ಕಟ್ಟೆಯಲ್ಲಿ. ರಾಣೆಬೆನ್ನೂರಿನಿಂದ ಬರುವ ನೆಂಟರು ಎರಡು ಕಟ್ಟೆ ಕಂಡು, ಇದು ಹೊಸ ಪದ್ಧತಿಯೇ ಎಂದು ಬೆರಗಾಗುತ್ತಾರೆ. ನಕ್ಷೆ ನನ್ನದೇ ಎಂದು ನಾನು ವಿವರಿಸಲು ತೊಡಗುತ್ತೇನೆ. ಕಸ್ತೂರಿ ಒಮ್ಮೆಯೂ ಅಲ್ಲಗಳೆದಿಲ್ಲ. "ರೀ, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ" ಎಂದಷ್ಟೇ ಹೇಳುತ್ತಾಳೆ.