ನನ್ನ ಉಲೈ, ಅವಳ ಒಲೆ

ಒಂದೇ ಭಾಷೆ ಬಲ್ಲವರನ್ನು ಕಂಡರೆ ನನಗೆ ಈಚೆಗೆ ಹೊಟ್ಟೆಕಿಚ್ಚು. ಅವರು ಒಂದು ಮಾತು ಆಡಿದರೆ ಅದಕ್ಕೆ ಒಂದೇ ಅರ್ಥ. ಆಡಿ ಮುಗಿಸಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ. ತಮಿಳುನಾಡಿನ ನಮ್ಮ ಪೆನ್ನಾಗರಂ ಕಡೆಯ ಕನ್ನಡದವರ ಪಾಡು ಹಾಗಲ್ಲ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಬ್ಯಾಂಕಿನಲ್ಲಿ ಎರಡಕ್ಕೂ ಇಂಗ್ಲಿಷಿನ ಒಗ್ಗರಣೆ. ಕನ್ನಡದಲ್ಲಿ ಶುರುವಾದ ಜಗಳ ತಮಿಳಿನಲ್ಲಿ ಏರಿ, ರಾಜಿಯಾಗುವಾಗ ಮತ್ತೆ ಕನ್ನಡಕ್ಕೆ ಇಳಿಯುತ್ತದೆ. ಅದರಲ್ಲೂ ನಾನು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ತಮಿಳು ಮೇಷ್ಟ್ರು. ಮನೆಮಾತು ಕನ್ನಡ, ಅನ್ನ ಕೊಡುವ ಮಾತು ತಮಿಳು. ಎರಡೂ ನನಗೆ ಕರತಲಾಮಲಕ ಎಂದು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದವನು ನಾನೇ. ಎರಡು ದೋಣಿಯಲ್ಲಿ ಕಾಲಿಟ್ಟವನು ಎಲ್ಲಿ ಬೀಳಬೇಕೋ ಅಲ್ಲಿಯೇ ಬಿದ್ದೆ.

ಬೀಳಲು ಕಾರಣವಾದದ್ದು ಕತ್ತಿ. ಗಾಬರಿಯಾಗಬೇಡಿ, ತಮಿಳಿನ ಸಹವಾಸದಿಂದ ನಮ್ಮ ಕಡೆ ಈರುಳ್ಳಿ ಹೆಚ್ಚುವ ಚಾಕುವಿಗೂ ಕತ್ತಿ ಎನ್ನುವುದು ರೂಢಿ. ಹೋದ ವರ್ಷ ಕುರಿ ತರಲೆಂದು ಮೇಚೇರಿ ಸಂತೆಗೆ ಹೋಗಿದ್ದೆ. ಅಲ್ಲೊಬ್ಬ ಮುದುಕ ಅಂಗೈಯಗಲದ ಕತ್ತಿಯಲ್ಲಿ ಆಡಿನ ಚರ್ಮವನ್ನು ಅಂಗಿ ಕಳಚಿದ ಹಾಗೆ ಕಳಚುತ್ತಿದ್ದ. ಎಲ್ಲಿ ಕೊಂಡಿರಿ ಎಂದು ಕೇಳಿದೆ. "ಕೊಳ್ಳೋದಾ? ಲಾರಿ ಸ್ಪ್ರಿಂಗ್ ಪಟ್ಟೆ ಕಾಯ್ಸಿ ನಮ್ಮಪ್ಪ ತಟ್ಟಿದ್ದು ಸಾರ್" ಎಂದ. ಕುರಿ ತರಲು ಹೋದವನು ಕತ್ತಿಯ ಗುಂಗು ಹಿಡಿಸಿಕೊಂಡು ಬಂದೆ. ಆಮೇಲೆ ಮೂರು ತಿಂಗಳು ಫೋನಿನಲ್ಲಿ ಬರೀ ಕತ್ತಿ ಮಾಡುವವರ ವಿಡಿಯೋ. ಗಡ್ಡದ ಬಿಳಿಯನೊಬ್ಬ ಗ್ಯಾಸಿನ ತಿರುಪು ತಿರುಗಿಸುತ್ತಾನೆ, ಡೋಲಿನಂಥ ಒಂದು ಡಬ್ಬಿಯೊಳಗೆ ಬೆಂಕಿ ಮೊರೆಯುತ್ತದೆ, ಕಬ್ಬಿಣ ಮಾವಿನಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಹತ್ತು ನಿಮಿಷದಲ್ಲಿ ಕತ್ತಿ ತಯಾರು. ತಿದಿ ಇಲ್ಲ, ಇದ್ದಿಲಿಲ್ಲ, ಮೈಗೆ ಮಸಿಯಿಲ್ಲ. ಸೀಮೆಸುಣ್ಣದ ಪುಡಿ ಬಿಟ್ಟರೆ ಬೇರೆ ಕೊಳೆ ಕಾಣದ ಈ ಕೈಗೆ ಹೇಳಿ ಮಾಡಿಸಿದ ಕಸುಬು ಎನ್ನಿಸಿತು.

ಈಗ ನನ್ನ ಹೆಂಡತಿ ಮಾದೇವಿಯ ವಿಷಯ ಹೇಳಬೇಕು. ಅವಳದು ನಾಲ್ಕು ವರ್ಷಗಳ ಹಳೆಯ ಬೇಡಿಕೆ: ಹಿತ್ತಲಲ್ಲಿ ನೆಲಮಟ್ಟಕ್ಕೆ ಒಂದು ಗಟ್ಟಿಯಾದ ಒಲೆ. ನಮ್ಮ ಮನೆಯಲ್ಲಿ ರಾಗಿಮುದ್ದೆ ಇಲ್ಲದೆ ಸಂಜೆ ಮುಗಿಯುವುದಿಲ್ಲ. ಸ್ಟೀಲಿನ ಗ್ಯಾಸ್ ಸ್ಟೌವ್ ಮೇಲೆ ಮುದ್ದೆ ತೊಳಸಿ ನೋಡಿದವರಿಗೆ ಗೊತ್ತು, ಕೋಲು ಒಂದು ಸುತ್ತು ತಿರುಗಿದರೆ ಪಾತ್ರೆ ಎರಡು ಸುತ್ತು ತಿರುಗುತ್ತದೆ. ಹಾಗಾಗಿ ದಿನಾ ಸಂಜೆ ನಾನು ಎರಡು ಮಸಿಬಟ್ಟೆ ಹಿಡಿದು, ಪಾತ್ರೆಯನ್ನು ಓಡಿಹೋಗುವ ಕರುವಿನಂತೆ ಅದುಮಿಕೊಂಡು ನಿಲ್ಲಬೇಕು. ಪಾತ್ರೆ ಜಾರಿದರೆ ಬೈಗುಳ ನನಗೆ, ಮುದ್ದೆ ಗಂಟಾದರೂ ನನಗೆ. ಒಲೆಯ ಮಾತು ಬಂದಾಗಲೆಲ್ಲ ನಾನು "ನೋಡೋಣ" ಎನ್ನುತ್ತಿದ್ದೆ. ಗಂಡಸರ ನಿಘಂಟಿನಲ್ಲಿ ಆ ಪದದ ಅರ್ಥ ಏನೆಂದು ಎಲ್ಲ ಹೆಂಗಸರಿಗೂ ತಿಳಿದೇ ಇದೆ.

ಕತ್ತಿ ತಟ್ಟಬೇಕಾದರೆ ಕುಲುಮೆ ಬೇಕಲ್ಲ. ಕುಲುಮೆ ಎಂಬ ಪದ ನಮ್ಮೂರಲ್ಲಿ ಅಜ್ಜಂದಿರ ಜೊತೆಗೇ ಹೋಯಿತು. ಈಗ ಉಪಕರಣಗಳಿಗೆಲ್ಲ ನಾವು ಆಡುವುದು ತಮಿಳನ್ನೇ. ತಮಿಳಿನಲ್ಲಿ ಕುಲುಮೆಗೆ ಉಲೈ ಎಂದು ಹೆಸರು. ಆದರೆ ಅದು ಪುಸ್ತಕದ ತಮಿಳು. ಜನರ ಬಾಯಲ್ಲಿ ಮೊದಲಿನ ಉಕಾರ ಒಕಾರವಾಗಿ, ಕೊನೆಯ ಐಕಾರ ಎಕಾರವಾಗಿ, ಉಲೈ ಹೋಗಿ ಒಲೆ ಆಗುತ್ತದೆ. ಇದನ್ನು ನಾನು ಹಲಗೆಯ ಮೇಲೆ ಬರೆದು ಪಾಠ ಮಾಡುತ್ತೇನೆ. ಅಂಥ ನಾನು ಒಂದು ಭಾನುವಾರ, ತಿಂಡಿ ತಿನ್ನುತ್ತಾ, ಮಾದೇವಿಗೆ ಹೇಳಿದೆ: "ಹಿತ್ತಲಲ್ಲಿ ಒಂದು ಒಲೆ ಕಟ್ಟೋಣ ಅಂತಿದೀನಿ. ಗ್ಯಾಸ್‌ದು."

ಅವಳ ಕೈಯಲ್ಲಿದ್ದ ದೋಸೆ ಸಟ್ಟುಗ ನಿಂತಿತು. "ನಿಜ್ವಾಗ್ಲೂ?" ಎಂದಳು. ಮುಖ ಅರಳಿತು. ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ದೋಸೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಕಬ್ಬಿಣ ಕಾಯಿಸುವ ಹುಚ್ಚಿಗೆ ಇಷ್ಟೊಂದು ಪ್ರೋತ್ಸಾಹವೇ ಎಂದು ನಾನು ಬೆರಗಾಗಿ ಕೂತಿರುವಾಗಲೇ ಅವಳು ಮಾರಂಡಹಳ್ಳಿಯ ತನ್ನ ಅವ್ವನಿಗೆ ಫೋನು ಹಚ್ಚಿದಳು: "ಅವ್ವೋ, ಇವ್ರು ನಂಗೆ ಒಲೆ ಕಟ್ಟಿಕೊಡ್ತಾರಂತೆ! ಊಂ, ಇತ್ಲಲ್ಲೇ. ಇನ್ನು ಮುದ್ದೆಗೆ ಯಾರೂ ಪಾತ್ರೆ ಇಡ್ಕೋಬೇಕಿಲ್ಲ." ಅವಳಿಗೆ ಕೇಳಿಸಿದ್ದು ಕನ್ನಡದ ಒಲೆ ಎಂದು ನನಗೆ ಆಗ ಹೊಳೆಯಿತು. ಅಲ್ಲೇ "ಅಯ್ಯೋ, ನಾನು ಹೇಳಿದ್ದು ತಮಿಳಿನ ಒಲೆ" ಎಂದುಬಿಡಬೇಕಿತ್ತು. ಹೇಳಲಿಲ್ಲ. ನಾನು ಹೇಡಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನ ಬಗ್ಗೆ ಅವ್ವನ ಹತ್ತಿರ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅದನ್ನು ಇನ್ನೆರಡು ದಿನ ಕೇಳೋಣ, ಆಮೇಲೆ ಹೇಳೋಣ ಎಂದುಕೊಂಡೆ.

ಎರಡು ದಿನ ಎರಡು ತಿಂಗಳಾಯಿತು. ಯಾರದೋ ಬತ್ತಿದ ಬೋರ್‌ವೆಲ್ಲಿಗೆ ಇಳಿಸಿ ಉಳಿದಿದ್ದ ಹತ್ತಿಂಚಿನ ಕಬ್ಬಿಣದ ಪೈಪಿನ ಮೊಳದುದ್ದ ತುಂಡನ್ನು ತಂದೆ. ಸೇಲಂಗೆ ಹೋಗಿ, ಬಾಯ್ಲರಿನವರು ಕೊಳ್ಳುವ ಅಂಗಡಿಯಲ್ಲಿ, ಬೆಂಕಿಗೆ ಬಗ್ಗದ ಬಿಳಿ ಉಣ್ಣೆಯ ಹಾಸು ತಂದೆ. ಅದನ್ನು ಪೈಪಿನೊಳಗೆ ಎರಡು ಪದರ ಸುತ್ತಿ, ಮೇಲೆ ಬೆಂಕಿಮಣ್ಣು ಮೆತ್ತಿದೆ. ತಳಕ್ಕೆ ಬೆಂಕಿ ಇಟ್ಟಿಗೆ. ಕಾಲು ಬೆಸೆದುಕೊಟ್ಟವನು ವೆಲ್ಡಿಂಗ್ ಅಂಗಡಿಯ ಸೇಕರ್, ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ಅಲ್ಲೊಂದು ಇಲ್ಲೊಂದು ಕೂದಲು ನರೆತಿದೆ. ಅವನು ಆ ಪೈಪನ್ನು ಸುತ್ತಲೂ ನೋಡಿ, "ಸಾರ್, ಇದು ಅಡುಪ್ಪಾ, ಪೀರಂಗಿಯಾ?" ಎಂದ. ಒಲೆಯೋ ಫಿರಂಗಿಯೋ ಎಂದು. ಅವನ ಮಾತಿನಲ್ಲಿ ಒಲೆಗೆ ಅಡುಪ್ಪು ಎಂಬ ಬೇರೆಯೇ ಪದವಿದ್ದದ್ದು ಕಂಡು ನನಗೆ ಅಳು ಬಂತು. ನಾನೂ ಅಷ್ಟು ಶುದ್ಧವಾಗಿ ಒಂದೇ ಭಾಷೆಯಲ್ಲಿ ಬದುಕಿದ್ದರೆ!

ಬರ್ನರ್ ಮಾಡಿದ್ದು ನಾನೇ. ಮುಕ್ಕಾಲಿಂಚಿನ ಪೈಪು, ಅದರ ಹಿಂದೆ ಗಾಳಿ ಎಳೆಯಲು ಅಗಲವಾದ ಬಾಯಿ, ಒಳಗೆ ಸೂಜಿಮೊನೆಯಷ್ಟು ತೂತಿನ ಗ್ಯಾಸ್ ಮೂತಿ. ಮೊದಲನೆಯದು ಸೋಮಾರಿ. ಹಳದಿ ನೀಲಿಯಾಗಿ ಮೆತ್ತಗೆ ಉರಿಯಿತು, ಕಬ್ಬಿಣಕ್ಕೆ ಕಚಗುಳಿ ಇಟ್ಟಂತಾಯಿತೇ ಹೊರತು ಅದು ಕೆಂಪಾಗಲಿಲ್ಲ. ಅದನ್ನು ಮೂಲೆಗೆಸೆದೆ. ಎರಡನೆಯದು "ಡಪ್" ಎಂದು ಒಮ್ಮೆ ಹಿಂದಕ್ಕೆ ಸಿಡಿದು, ನನ್ನ ಬಲಹುಬ್ಬನ್ನು ತೆಗೆದುಕೊಂಡು, ಆಮೇಲೆ ತೊಪ್ಪೂರು ಘಾಟಿ ಹತ್ತುವ ಲಾರಿಯಂತೆ ಮೊರೆಯತೊಡಗಿತು. ಬೀದಿಯ ನಾಯಿಗಳು ಎರಡು ದಿನ ಈ ಕಡೆ ಬರಲಿಲ್ಲ. ಗ್ಯಾಸು ಜೋರಾಗಿ ಹೋಗುವಾಗ ಸಿಲಿಂಡರಿನ ಹೊಟ್ಟೆಯ ಮೇಲೆ ಮಂಜು ಕಟ್ಟುವುದನ್ನು ಕಂಡು ಮಾದೇವಿ ಮಜ್ಜಿಗೆಯ ಚೆಂಬನ್ನು ಅದಕ್ಕೆ ತಾಗಿಸಿ ಇಟ್ಟಳು. ಆ ದಿನಗಳಲ್ಲಿ ಅವಳ ಉಪಚಾರವೇ ಉಪಚಾರ. ಜಾಗ ಗುಡಿಸಿ ಸಾರಿಸಿದಳು, ಹುಬ್ಬಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಸುತ್ತಿಗೆ, ಇಕ್ಕಳ, ಬಡಿಯಲು ಮಣಭಾರದ ಕಬ್ಬಿಣದ ದಿಮ್ಮಿ ಒಂದೊಂದಾಗಿ ಮನೆಗೆ ಬಂದರೂ ಒಲೆಗೆ ಇದೆಲ್ಲ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಪಾಪ, ಮುಗ್ಧೆ ಎಂದುಕೊಂಡೆ. ಆ ಮುಗ್ಧತೆ ನನ್ನನ್ನು ಬೆಂಕಿಗಿಂತ ಹೆಚ್ಚು ಸುಟ್ಟಿತು.

ಶಾಲೆಗೆ ರಜೆಯಿದ್ದ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ಬಂದಿಳಿದರು. ಕೈಯಲ್ಲಿ ಹೊಸ ರಾಗಿಹಿಟ್ಟಿನ ಚೀಲ, ಹಿತ್ತಾಳೆಯ ಪಾತ್ರೆ, ಅರಿಶಿನ ಕುಂಕುಮದ ಪೊಟ್ಟಣ. ಮಗಳ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿ, ಮೊದಲ ಮುದ್ದೆ ಉಂಡು ಹೋಗಲು ಬಂದಿದ್ದರು. ನನ್ನ ಕುಲುಮೆಗೆ ಮೂರು ಪಟ್ಟೆ ಅರಿಶಿನ ಬಳಿದು ಕುಂಕುಮ ಇಟ್ಟರು. ಆಮೇಲೆ ಸುತ್ತ ಬಂದು ನೋಡಿದರು.

"ಏನ್ ಮಾಪ್ಳೆ," ಎಂದರು. ಅಳಿಯನನ್ನು ಅವರು ಕರೆಯುವುದು ಹಾಗೆ, ತಮಿಳಿನಲ್ಲಿ. "ಒಲೆಗೆ ಬಾಯಿ ಮೇಲಕ್ಕೆ ಇರ್ಬೇಕಲ್ವಾ? ಇದುಕ್ಕೆ ಪಕ್ಕಕ್ಕೆ ಐತಲ್ಲ?"

"ಹೊಸ ಮಾದರಿ ಅತ್ತೆ," ಎಂದೆ. ಹೇಳಿಬಿಡಲು ದೇವರು ಕೊಟ್ಟ ಕೊನೆಯ ಅವಕಾಶ ಅದು.

"ಓಗ್ಲಿ ಬಿಡಿ. ಗ್ಯಾಸ್ ಅಚ್ಚಿ," ಎಂದು ಹಾಲಿನ ಪಾತ್ರೆಯನ್ನು ಪೈಪಿನ ಬೆನ್ನ ಮೇಲೆ ಇಟ್ಟರು. ದುಂಡನೆಯ ಪೈಪಿನ ಮೇಲೆ ದುಂಡನೆಯ ಪಾತ್ರೆ. ಅದು ಉರುಳದಂತೆ ನಾನು ಹಳೆಯ ಅಭ್ಯಾಸಬಲದಿಂದ ಎರಡು ಮಸಿಬಟ್ಟೆ ಹಿಡಿದು ಅದುಮಿಕೊಂಡು ನಿಂತೆ. ಬೆಂಕಿ ಮೊರೆಯಿತು. ಒಳಗೆ ನೋಡಿದರೆ ಕಣ್ಣು ಕುಕ್ಕುವ ಬೆಳಕು, ಕಬ್ಬಿಣವೇ ಮೆತ್ತಗಾಗುವ ಕಾವು. ಆದರೆ ಒಂದು ಚೂರು ಬಿಸಿಯೂ ಹೊರಗೆ ಹೋಗಬಾರದೆಂದು ಎರಡು ಪದರ ಉಣ್ಣೆ ಸುತ್ತಿದ ಜಾಣನೂ ನಾನೇ ಅಲ್ಲವೇ? ಕಾಲು ಗಂಟೆಯಾಯಿತು. ಹಾಲು ಉಕ್ಕಲಿಲ್ಲ, ಕುದಿಯಲಿಲ್ಲ, ಒಂದು ಗುಳ್ಳೆ ಸಹ ಏಳಲಿಲ್ಲ. ಅತ್ತೆ ಕಿರುಬೆರಳು ಅದ್ದಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು: "ಮೊಸ್ರಿಗೆ ಎಪ್ಪು ಆಕೋಕೆ ಸರ್ಯಾಗಿ ಐತೆ ಮಾಪ್ಳೆ."

ನಾನು ಗ್ಯಾಸ್ ನಿಲ್ಲಿಸಿದೆ. ಹಾಲಿನ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಒಪ್ಪಿಕೊಂಡೆ: ಇದು ಅಡುಗೆಯ ಒಲೆಯಲ್ಲ, ತಮಿಳಿನ ಉಲೈ, ಕತ್ತಿ ಮಾಡುವ ಕುಲುಮೆ, ಹೇಳಲು ಧೈರ್ಯ ಬರಲಿಲ್ಲ, ತಪ್ಪಾಯಿತು. ಮಾದೇವಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ತಣ್ಣಗೆ ಹೇಳಿದಳು:

"ಗೊತ್ತು."

"ಏನು ಗೊತ್ತು?"

"ಮೂರು ತಿಂಗ್ಳು ಫೋನಲ್ಲಿ ಕತ್ತಿ ನೋಡ್ಕೊಂಡಿದ್ದೋರು ಎದ್ದು ಒಲೆ ಕಟ್ತೀನಿ ಅಂದ್ರೆ ಯಾವ ಒಲೆ ಅಂತ ತಿಳೀದಾ? ನಾನೂ ತಮಿಳು ಸ್ಕೂಲಲ್ಲೇ ಓದಿರೋದು. ಪರೀಕ್ಷೇಲಿ ಬಂದಿತ್ತು ಉಲೈ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ನಾಲ್ಕು ವರ್ಸ ಕೇಳಿದ್ರೆ 'ನೋಡೋಣ' ಅಂದ್ರಿ. ಊರಿಗೆಲ್ಲ ಏಳ್ಬಿಟ್ರೆ ಕಟ್ಲೇಬೇಕಾಗ್ತದಲ್ಲಾ ಅಂತ ಸುಮ್ನಿದ್ದೆ," ಎಂದಳು. ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಭುಜ ಕುಲುಕುತ್ತಿದ್ದುದರಿಂದ ಅವರಿಗೂ ಮೊದಲೇ ತಿಳಿದಿತ್ತು ಎಂದು ಗೊತ್ತಾಯಿತು. ನಗು ಹತೋಟಿಗೆ ಬಂದ ಮೇಲೆ ಅವರು ಹಿತ್ತಲ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಬಿಚ್ಚಿದರು. "ನಾನು ಮುದ್ದೆ ಉಣ್ದೆ ಬಸ್ ಅತ್ತಾಕಿಲ್ಲ. ನೀವು ನಿದಾನುಕ್ಕೆ ಕಟ್ಟಿ ಮಾಪ್ಳೆ," ಎಂದರು.

ಉಳಿದ ಬೆಂಕಿ ಇಟ್ಟಿಗೆಗಳಿದ್ದವು, ಮಣ್ಣಿತ್ತು, ಮೂಲೆಯಲ್ಲಿ ಆ ಸೋಮಾರಿ ಬರ್ನರ್ ಬಿದ್ದಿತ್ತು. ಕಬ್ಬಿಣಕ್ಕೆ ಬೇಡವಾದ ಅದರ ಮೆತ್ತನೆಯ ಅಗಲವಾದ ಉರಿ ಮುದ್ದೆಯ ಪಾತ್ರೆಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಎರಡು ತಿಂಗಳು ಬೆವರು ಸುರಿಸಿದ ಕುಲುಮೆಗೆ ಹೋಲಿಸಿದರೆ ಈ ಒಲೆ ಮಧ್ಯಾಹ್ನದೊಳಗೆ ಮುಗಿಯಿತು, ಅದೂ ಮೊದಲ ಸಲಕ್ಕೇ ಸರಿಯಾಗಿ. ಹಾಲು ಉಕ್ಕಿತು. ಮಾದೇವಿ ಕುಕ್ಕರುಗಾಲಲ್ಲಿ ಕೂತು, ಕೋಲಿಗೆ ಮೈಭಾರ ಕೊಟ್ಟು ತೊಳಸಿದಳು. ಪಾತ್ರೆ ಅಲುಗಲಿಲ್ಲ. ನಾನು ಮಸಿಬಟ್ಟೆ ಹಿಡಿದು ಸುಮ್ಮನೆ ಪಕ್ಕದಲ್ಲಿ ನಿಂತಿದ್ದೆ. ಆ ಮುದ್ದೆ ಗಂಟಿಲ್ಲದೆ ಎಷ್ಟು ನುಣ್ಣಗಿತ್ತೆಂದರೆ, ನಾಲ್ಕು ವರ್ಷ ಇದನ್ನು ಮುಂದೂಡಿದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು. ಹಾಗೆಂದು ಅವಳಿಗೂ ಹೇಳಿದೆ. "ಸರಿ, ಸಾರು ಬಡಿಸ್ಕೊಳ್ಳಿ," ಎಂದಳು. ಕಣ್ಣು ಮಾತ್ರ ನಗುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅತ್ತೆ ಮಾರಂಡಹಳ್ಳಿಗೆ ಹೋಗಿ ಸುಮ್ಮನಿರುತ್ತಾರೆಯೇ? ಮೊದಲು ನಾದಿನಿಗೆ ಒಂದು ಒಲೆ ಬೇಕಾಯಿತು. ಆಮೇಲೆ ನಾದಿನಿಯ ಪಕ್ಕದ ಮನೆಯವರಿಗೆ, ಆಮೇಲೆ ನಮ್ಮ ಹೆಡ್‌ಮಾಸ್ಟರರ ಹೆಂಡತಿಗೆ. ನನ್ನ ಭಾನುವಾರಗಳೆಲ್ಲ ಈಗ ಸೋಮಾರಿ ಬರ್ನರುಗಳ ಪಾಲು. ಅದನ್ನು ಬೇಕೆಂದೇ ಕೆಟ್ಟದಾಗಿ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ನಡುವೆ ಒಮ್ಮೆ ಹಟ ಹಿಡಿದು ಒಂದು ಕತ್ತಿ ತಟ್ಟಿ, ಗಟ್ಟಿಯಾಗಲೆಂದು ಕಾದ ಅಲಗನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿದೆ. ಬೋಂಡಾ ವಾಸನೆ ಹಿಡಿದು ಇಬ್ಬರು ನೆಂಟರು ಬಂದು ಕೂತರು. ಕತ್ತಿ ಬಾಳೆಕಾಯಿಯಂತೆ ಸೊಟ್ಟಗಾಯಿತು. ಅದನ್ನು ನೆಟ್ಟಗೆ ಮಾಡಲು ಇನ್ನೂ ಪುರಸೊತ್ತು ಸಿಕ್ಕಿಲ್ಲ.

ಮೊನ್ನೆ ಐದನೆಯ ಒಲೆಯ ಬರ್ನರ್ ಪೈಪು ಬೆಸೆಸಲು ಸೇಕರನ ಅಂಗಡಿಗೆ ಹೋಗಿದ್ದೆ. ಆ ಪೀರಂಗಿ ಏನಾಯಿತು ಸಾರ್ ಎಂದು ಕೇಳಿದ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಅವನು ಬೆಸುಗೆಯ ಕಪ್ಪು ಕನ್ನಡಕ ಹಣೆಗೇರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಹೇಳಿದ: "ಸಾರ್, ಉಂಗ ಒಲೆಕ್ಕೇ ಒಲೆ ವೆಚ್ಚುಟ್ಟಾಂಗಳೇ!" ಯಾರಿಗಾದರೂ 'ಒಲೆ ಇಡುವುದು' ಎಂದರೆ ತಮಿಳಿನಲ್ಲಿ ಅವರ ಬುಡಕ್ಕೇ ಬೆಂಕಿ ಇಡುವುದು. ನಿಮ್ಮ ಕುಲುಮೆಗೇ ಕೊಳ್ಳಿ ಇಟ್ಟರಲ್ಲಾ ಸಾರ್ ಎಂದ ಹಾಗಾಯಿತು. ಒಂದು ಪದಕ್ಕೆ ಹಲವು ಅರ್ಥ ಎಂಬ ಪಾಠವನ್ನು ಇದೇ ಸೇಕರನಿಗೆ ಒಂಬತ್ತನೇ ತರಗತಿಯಲ್ಲಿ ಹೇಳಿಕೊಟ್ಟು, ಉದಾಹರಣೆ ಬರೆಯಲಾರದೆ ಹೋದನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದೆ.